‘4:44’: ಒಬ್ಬ ರ್‍ಯಾಪರ್ ಬರೆದ ಉಯಿಲು

2020ರ ಫೆಬ್ರುವರಿಯ ಕೊನೆಯ ವಾರದಲ್ಲಿ, ಸಕಲೇಶಪುರದಾಚೆ ಹಾನುಬಾಳಿನ ಕಡೆಯ ನಮ್ಮ ತವರಿನ ತೋಟದಲ್ಲಿ ರೋಬಸ್ಟಾ ಗಿಡಗಳಿಗೆ ಹೂವಿನ ನೀರು ಕೊಡುವ ಕೆಲಸ ನಡೆದಿತ್ತು. ಮೊಗ್ಗು ಕಟ್ಟಿ ನಿಂತ ಗಿಡಕ್ಕೆ ಆ ಹೊತ್ತಿನಲ್ಲಿ ಒಂದು, ಒಂದೂವರೆ ಇಂಚಿನಷ್ಟು ನೀರು ಒಮ್ಮೆಲೇ ಬೀಳಬೇಕು. ಮಳೆ ಬಂದರೆ ಸರಿ, ಬಾರದಿದ್ದರೆ ಕೆರೆಗೆ ಪಂಪು ಇಟ್ಟು, ಸ್ಪ್ರಿಂಕ್ಲರ್ ಹೂಡಿ, ಮೂರು ನಾಲ್ಕು ಗಂಟೆಗೊಮ್ಮೆ ಪೈಪು ಬದಲಿಸುತ್ತ ಹಗಲೂ ರಾತ್ರಿಯೂ ಓಡಿಸಬೇಕು. ಅಣ್ಣ ಎರಡು ರಾತ್ರಿಗಳಿಂದ ಸರಿಯಾಗಿ ಮಲಗಿರಲಿಲ್ಲ. ಹಾಸನದಿಂದ ವಾರಾಂತ್ಯಕ್ಕೆಂದು ಹೋಗಿದ್ದ ನನಗೆ ಡೀಸೆಲ್ ಪಂಪಿನ ಸದ್ದಿಗೆ ನಿದ್ದೆ ಹಾರಿಹೋಗಿ, ಜಗಲಿಯ ಬೆಂಚಿನ ಮೇಲೆ ಶಾಲು ಹೊದ್ದು ಕುಳಿತು, ಮಗ ಫೋನಿಗೆ ಹಾಕಿಕೊಟ್ಟಿದ್ದ ಆಲ್ಬಮ್ ಒಂದನ್ನು ಕೇಳತೊಡಗಿದೆ. ಅದು ಅಮೆರಿಕದ ರ್‍ಯಾಪರ್ ಜೇ-ಜೀಯ ‘4:44’. ಗಡಿಯಾರದಲ್ಲಿಯೂ ಆಗ ಅಷ್ಟೇ ಆಗಿತ್ತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಆಗಿದ್ದುದು ಮೂರೂವರೆ.

ಹಾಸನದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ, ವಯಸ್ಸು ನಲವತ್ತೈದು ದಾಟಿದ ಹೆಂಗಸು ರ್‍ಯಾಪ್ ಕುರಿತು ಬರೆಯುವುದು ನನ್ನ ವಿದ್ಯಾರ್ಥಿಗಳಿಗೆ ತಮಾಷೆಯಾಗಿ ಕಂಡೀತು. ಅವರ ಮಟ್ಟಿಗೆ ರ್‍ಯಾಪ್ ಎಂದರೆ ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರ ಹಾಡು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಧ್ವನಿವರ್ಧಕ ಒಡೆಯುವಂತೆ ಹಾಕಿ ಕುಣಿಯುವ ಸಂಗೀತ. ನನಗೂ ಅಷ್ಟೇ ಗೊತ್ತಿತ್ತು. ಜಂಬ ಕೊಚ್ಚಿಕೊಳ್ಳುವುದೇ ಅದರ ಹುಟ್ಟುಗುಣವೆಂದು ನಂಬಿದ್ದ ನನಗೆ, ಆ ಜಂಬದ ಕಲೆಯಲ್ಲಿ ಇಪ್ಪತ್ತು ವರ್ಷ ಮೆರೆದ ಒಬ್ಬ ಗಂಡಸು ಕುಳಿತು ತನ್ನ ಮನೆಯ ಲೆಕ್ಕ ಒಪ್ಪಿಸುವುದನ್ನು ಕೇಳುವ ನಿರೀಕ್ಷೆಯಿರಲಿಲ್ಲ.

ಜೇ-ಜೀ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತನಾದ ಶಾನ್ ಕಾರ್ಟರ್ ಹುಟ್ಟಿದ್ದು 1969ರ ಡಿಸೆಂಬರ್ 4ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಅಲ್ಲಿನ ಮಾರ್ಸಿ ಹೌಸಸ್ ಎಂಬ ಸರಕಾರಿ ವಸತಿ ಸಮುಚ್ಚಯದಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ಮನೆ ಬಿಟ್ಟು ಹೋದ. ಹುಡುಗ ಬೀದಿಯಲ್ಲಿ ಮಾದಕವಸ್ತು ಮಾರಿದ, ಅದನ್ನೇ ಹಾಡಾಗಿಸಿದ, ಯಾವ ಕಂಪನಿಯೂ ಕೈ ಹಿಡಿಯದಿದ್ದಾಗ ಗೆಳೆಯರೊಡನೆ ಸ್ವಂತ ಕಂಪನಿ ಕಟ್ಟಿ 1996ರಲ್ಲಿ ಮೊದಲ ಆಲ್ಬಮ್ ತಂದ. ‘4:44’ ಹೊರಬಂದದ್ದು 2017ರ ಜೂನ್ 30ರಂದು. ಅದು ಆತನ ಹದಿಮೂರನೆಯ ಸ್ಟುಡಿಯೋ ಆಲ್ಬಮ್. ಆಗ ಆತನಿಗೆ 47 ವರ್ಷ. ಹತ್ತು ಹಾಡು, ಒಟ್ಟು ಮೂವತ್ತಾರು ನಿಮಿಷ. ಅತಿಥಿ ಗಾಯಕರ ದಂಡು ಕಟ್ಟಿಕೊಂಡು ಇಪ್ಪತ್ತು ಹಾಡು ತುಂಬುವ ಆ ರಂಗದ ರೂಢಿಯ ಎದುರಿಗೆ ಇದು ಒಂದು ಸಣ್ಣ ನೋಟುಬುಕ್ಕು. ನಸುಕಿನ 4:44ಕ್ಕೆ ಎಚ್ಚರವಾಗಿ ಬರೆಯಲು ಕೂತದ್ದರಿಂದ ಆ ಹೆಸರು ಬಂತೆಂದು ಆತನೇ ಹೇಳಿಕೊಂಡಿದ್ದಾನೆ. ಅದೇ ಹೆಸರಿನ ಹಾಡಿನ ಉದ್ದವೂ ನಾಲ್ಕು ನಿಮಿಷ ನಲವತ್ತನಾಲ್ಕು ಸೆಕೆಂಡು.

ಆಲ್ಬಮ್ ಬಂದ ಹೊಸತರಲ್ಲಿ ಅದು ನಮ್ಮಂಥವರ ಕೈಗೆ ಸುಲಭವಾಗಿ ಸಿಗುವ ಹಾಗಿರಲಿಲ್ಲ. 2015ರಲ್ಲಿ ತಾನೇ ಕೊಂಡಿದ್ದ ಟೈಡಲ್ ಎಂಬ ಸಂಗೀತ ಸೇವೆಯ ಚಂದಾದಾರರಿಗೆ ಮೊದಲು ಕೊಟ್ಟು, ಸ್ಪಾಟಿಫೈಯಿಂದ ಎರಡೂವರೆ ವರ್ಷ ದೂರವಿಟ್ಟು, ಕೊನೆಗೆ ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ಎಂದರೆ 2019ರ ಡಿಸೆಂಬರ್ 4ರಂದು ಅಲ್ಲಿಗೆ ಬಿಟ್ಟ. ಅದಾಗಿ ಎರಡೂವರೆ ತಿಂಗಳಿಗೆ ನಮ್ಮ ಜಗಲಿಗೆ ತಲುಪಿತು. ತಾನು ಬೆಳೆದ ಸರಕನ್ನು ತನ್ನದೇ ಅಂಗಡಿಯಲ್ಲಿ ಮಾರುವ ಈ ಹಟ ಹಾಡುಗಳ ಒಳಗಿನ ಮಾತಿಗೂ ಸಂಬಂಧಪಟ್ಟದ್ದು.

ಮೊದಲು ಕಿವಿಗೆ ಬಿದ್ದದ್ದು ಆ ದನಿ. ಆತ ಹಾಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ತಾಳಕ್ಕೆ ಸರಿಯಾಗಿ ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಊಟವಾದ ಮೇಲೆ ಗೋಡೆಗೆ ಒರಗಿ ಕುಳಿತವರು ಮಾತಾಡುವ ಹದದಲ್ಲಿ ಮಾತಾಡುತ್ತಿದ್ದ. ಹಿಂದೆ ಹಳೆಯ ಹಾಡುಗಳ ತುಣುಕುಗಳು ಸುತ್ತಿ ಸುತ್ತಿ ಬರುತ್ತಿದ್ದವು. ಇಡೀ ಆಲ್ಬಮ್ಮಿಗೆ ಸಂಗೀತ ಜೋಡಿಸಿದವನು ಷಿಕಾಗೋದ ನೋ ಐ.ಡಿ. ಎಂಬ ಒಬ್ಬನೇ ನಿರ್ಮಾಪಕ, ಮತ್ತು ಜೋಡಿಸಿದ್ದು ಬಹುಪಾಲು ಜೇ-ಜೀ ಇಷ್ಟಪಟ್ಟು ಕೇಳುತ್ತಿದ್ದ ಹಳೆಯ ಹಾಡುಗಳಿಂದಲೇ: ನೀನಾ ಸಿಮೋನ್, ಸ್ಟೀವಿ ವಂಡರ್, ಡಾನಿ ಹ್ಯಾಥವೇ. ಇದನ್ನು ಸ್ಯಾಂಪಲ್ ಎನ್ನುತ್ತಾರೆ. ಹಳೆಯ ಧ್ವನಿಮುದ್ರಣದ ಒಂದು ಸಾಲನ್ನೋ ಒಂದು ಉಸಿರನ್ನೋ ಕತ್ತರಿಸಿ ಹೊಸ ಹಾಡಿಗೆ ಹಾಸು ಮಾಡುವ ಈ ಪದ್ಧತಿ ಹಿಪ್ ಹಾಪ್‌ನಷ್ಟೇ ಹಳೆಯದು. ಆದರೆ ಇಲ್ಲಿ ಸ್ಯಾಂಪಲ್ ಬರೀ ಹಾಸು ಅಲ್ಲ, ಅದೂ ಮಾತಾಡುತ್ತದೆ.

ನನ್ನ ತಾಯಿಯ ತವರು ಕೊಪ್ಪದ ಹತ್ತಿರ. ಚಿಕ್ಕವಳಿದ್ದಾಗ ಅಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಲೆ ಕೇಳಿದ್ದೇನೆ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಅರ್ಥಧಾರಿ ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಶಲ್ಯದಲ್ಲಿ ಕುಳಿತಲ್ಲಿಯೇ ಆ ಪದದ ಎಳೆ ಹಿಡಿದು ವಾಲಿಯಾಗಿಯೋ ಕರ್ಣನಾಗಿಯೋ ‘ನಾನು’ ಎಂದು ಮಾತಿಗಿಳಿಯುತ್ತಾನೆ, ತನ್ನ ತಪ್ಪನ್ನು ಸಮರ್ಥಿಸಿಕೊಳ್ಳುತ್ತಾನೆ, ಸಿಕ್ಕಿಬೀಳುತ್ತಾನೆ, ಮತ್ತೆ ಭಾಗವತರ ಪದಕ್ಕೆ ಹಿಂದಿರುಗುತ್ತಾನೆ. ‘4:44’ರ ಕಟ್ಟಡ ನನಗೆ ಅರ್ಥವಾದದ್ದು ಈ ದಾರಿಯಿಂದ. ಸ್ಯಾಂಪಲ್ ಭಾಗವತರ ಪದ, ಜೇ-ಜೀ ಅರ್ಥಧಾರಿ. ನೀನಾ ಸಿಮೋನ್ 1966ರಲ್ಲಿ ಹಾಡಿದ್ದ, ನಾಲ್ಕು ಕಪ್ಪು ಹೆಂಗಸರು ತಮ್ಮ ತಮ್ಮ ಚರ್ಮದ ಬಣ್ಣ ಹೇಳಿಕೊಳ್ಳುವ ಹಾಡಿನ ತುಣುಕನ್ನು ಎರಡನೆಯ ಹಾಡಿನ ಕೆಳಗೆ ಇಟ್ಟಾಗ, ಮೇಲೆ ಆತ ಹೇಳುವ ಮಾತು ಅದರ ಅರ್ಥವೇ ಆಗುತ್ತದೆ: ಬಣ್ಣ ತೆಳುವಿರಲಿ ಗಾಢವಿರಲಿ, ಬಡವನಿರಲಿ ಸಿರಿವಂತನಿರಲಿ, ಅಮೆರಿಕದ ಕಣ್ಣಿಗೆ ನೀನು ಕಪ್ಪು ಮನುಷ್ಯನೇ.

ತಾಳಮದ್ದಲೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅರ್ಥಧಾರಿಯ ‘ನಾನು’ ಕರ್ಣನದು. ಬೆಳಗಾದರೆ ಆತ ಅಡಿಕೆ ತೋಟದ ಯಜಮಾನನೋ ಶಾಲೆಯ ಮೇಷ್ಟರೋ ಆಗಿ ಮನೆಗೆ ನಡೆಯುತ್ತಾನೆ. ಇಪ್ಪತ್ತು ವರ್ಷ ‘ಜೇ-ಜೀ’ ಎಂಬ ಪಾತ್ರವನ್ನು ಇಳಿಸದೆ ಬದುಕಿದವನು ಆ ಪಾತ್ರ ಮಾಡಿದ್ದಕ್ಕೆ ಯಾರ ಹೆಸರಿನಲ್ಲಿ ಉತ್ತರ ಹೇಳಬೇಕು? ಮೊದಲ ಹಾಡು ನೇರವಾಗಿ ಇದಕ್ಕೇ ಕೈ ಹಾಕುತ್ತದೆ. ಅದರ ಹೆಸರೇ ಜೇ-ಜೀಯನ್ನು ಕೊಲ್ಲು ಎಂದು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮೇಲೆ ಗುಂಡು ಹಾರಿಸಿದ್ದು, ಹೆಂಡತಿಯ ಮನಸ್ಸು ಮುರಿದದ್ದು, ಎಲ್ಲವನ್ನೂ ‘ನೀನು ಮಾಡಿದೆ, ನೀನು ಮಾಡಿದೆ’ ಎಂದು ಎದುರಿಗೆ ನಿಲ್ಲಿಸಿಕೊಂಡು ಹೇಳುತ್ತಾನೆ. ಶಾನ್ ಕಾರ್ಟರ್ ಜೇ-ಜೀಯ ಮೇಲೆ ಹೂಡಿದ ದಾವೆ ಇದು. ಉಳಿದ ಒಂಬತ್ತು ಹಾಡುಗಳ ‘ನಾನು’ ಈ ದಾವೆಯ ನಂತರ ಬದುಕಿ ಉಳಿದವನದು.

ಎರಡನೆಯ ಹಾಡಿನಲ್ಲಿ ನಾನು ಕಿವಿಯಿಂದ ಇಯರ್‌ಫೋನ್ ತೆಗೆಯಬೇಕಾಯಿತು, ಏಕೆಂದರೆ ಅಪ್ಪಾಜಿ ಎದ್ದು ಬಂದಿದ್ದರು. ಎಪ್ಪತ್ತೆಂಟರ ಅವರಿಗೆ ಪಂಪಿನ ಸದ್ದು ನಿಂತರೆ ಎಚ್ಚರವಾಗುತ್ತದೆ, ನಡೆಯುತ್ತಿದ್ದರೆ ಅಲ್ಲ. ಪೈಪು ಬದಲಿಸಲು ಅಣ್ಣ ಆಗಷ್ಟೇ ಪಂಪು ನಿಲ್ಲಿಸಿದ್ದ. ‘ಏನು ಕೇಳ್ತಿದೀಯಮ್ಮಾ ಈ ಹೊತ್ತಲ್ಲಿ’ ಎಂದು ಪಕ್ಕದಲ್ಲಿ ಕುಳಿತರು. ಫೋನಿನಲ್ಲೇ ಸಣ್ಣಗೆ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ‘ಇವನು ಹಾಡ್ತಾ ಇಲ್ವಲ್ಲ, ಬೈತಿದಾನೋ ಬುದ್ಧಿ ಹೇಳ್ತಿದಾನೋ?’ ಎಂದರು. ಎರಡೂ ಎಂದೆ. ಡಂಬೊ ಎಂಬ ಬ್ರೂಕ್ಲಿನ್ನಿನ ಜಾಗದಲ್ಲಿ, ಅದು ಇನ್ನೂ ಹೆಸರುವಾಸಿಯಾಗದ ಕಾಲಕ್ಕೆ, ಇಪ್ಪತ್ತು ಲಕ್ಷ ಡಾಲರಿಗೆ ಸಿಗುತ್ತಿದ್ದ ಕಟ್ಟಡವೊಂದನ್ನು ಕೊಳ್ಳದೆ ಬಿಟ್ಟೆ, ಈಗ ಅದರ ಬೆಲೆ ಎರಡೂವರೆ ಕೋಟಿ ಡಾಲರು ಎಂದು ಆತ ಹೊಟ್ಟೆ ಉರಿದುಕೊಳ್ಳುವ ಭಾಗವನ್ನು ಕನ್ನಡದಲ್ಲಿ ಹೇಳಿದೆ. ಅಪ್ಪಾಜಿ ಜೋರಾಗಿ ನಕ್ಕುಬಿಟ್ಟರು. ‘ಅಲ್ಲೂ ಇದೇ ಕಥೆನಾ?’

ನಮ್ಮ ಸೀಮೆಯ ಯಾವ ಜಗಲಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಅಂದು ಹೊಳೆ ಪಕ್ಕದ ಆ ಹತ್ತೆಕರೆ ಬಿಡಬಾರದಿತ್ತು. ಹಾಸನದ ರಿಂಗ್ ರೋಡಿನಲ್ಲಿ ಸೈಟು ಸುಮ್ಮನೆ ಸಿಗುತ್ತಿತ್ತು, ಬೇಡವೆಂದೆ. ಮೂಡಿಗೆರೆ ಕಡೆ ಒಬ್ಬರು ತೋಟ ಕೊಡುತ್ತೇನೆಂದು ಮನೆಗೇ ಬಂದಿದ್ದರು. ಕೊಂಡ ತೋಟದ ಕಥೆಗಿಂತ ಬಿಟ್ಟ ತೋಟದ ಕಥೆಯನ್ನೇ ನಮ್ಮ ಗಂಡಸರು ಹೆಚ್ಚು ಹೇಳುತ್ತಾರೆ. ತರಗತಿಯಲ್ಲಿ ಇದಕ್ಕೆ ಅವಕಾಶ ವೆಚ್ಚ ಎಂಬ ಹೆಸರಿಟ್ಟು ಪಾಠ ಮಾಡುತ್ತೇನೆ. ರ್‍ಯಾಪ್ ಹಾಡಿನಲ್ಲಿ ಅದು ಬಂದಾಗ ಹೊಸದಾಗಿ ಕೇಳಿಸಿತು, ಏಕೆಂದರೆ ಕೊಳ್ಳದೆ ಬಿಟ್ಟ ಹಣ ಎಲ್ಲಿ ಹೋಯಿತೆಂಬುದು ಆತನ ಹಳೆಯ ಹಾಡುಗಳಲ್ಲೇ ಇದೆ: ಕಾರು, ಗಡಿಯಾರ, ಷಾಂಪೇನು. ತಾನೇ ಇಪ್ಪತ್ತು ವರ್ಷ ಜಾಹೀರಾತು ಮಾಡಿದ ಬದುಕಿಗೆ ತಾನೇ ನಷ್ಟದ ಲೆಕ್ಕ ತೆಗೆಯುತ್ತಾನೆ. ಮುಂದೆ, ಹತ್ತು ಲಕ್ಷ ಡಾಲರಿಗೆ ಕೊಂಡ ಕಲಾಕೃತಿ ಎರಡು ವರ್ಷಕ್ಕೆ ಇಪ್ಪತ್ತು ಲಕ್ಷವಾಗಿ, ಮತ್ತೆ ಕೆಲವು ವರ್ಷಕ್ಕೆ ಎಂಬತ್ತು ಲಕ್ಷವಾಯಿತು, ಅದನ್ನು ಮಕ್ಕಳಿಗೆ ಕೊಡಲು ಕಾಯುತ್ತಿದ್ದೇನೆ ಎನ್ನುತ್ತಾನೆ.

ಇಲ್ಲಿ ಲೆಕ್ಕದ ಮೇಷ್ಟ್ರಾಗಿ ನನ್ನ ತಕರಾರೂ ಇದೆ. ಹತ್ತು ಲಕ್ಷ ಡಾಲರು ಕೈಯಲ್ಲಿದ್ದವನಿಗೆ ಆಸ್ತಿ ಮಾಡಿಕೋ ಎಂಬುದು ಉಪದೇಶ. ದಿನದ ಬಟವಾಡೆಗೆ ಕಾಯುವವನಿಗೆ ಅದು ಹಂಗಿಸಿದಂತೆ. ಪೈಪು ಹೊರಲು ಅಣ್ಣನ ಜೊತೆ ರಾತ್ರಿಯೆಲ್ಲ ನಿಂತಿದ್ದ ಲೈನ್ ಮನೆಯ, ಎಂದರೆ ತೋಟದ ಕಾರ್ಮಿಕರ ಸಾಲುಮನೆಯ ಹುಡುಗರಿಗೆ ಈ ಹಾಡಿನಿಂದ ಸಿಗುವ ಬುದ್ಧಿವಾದವಾದರೂ ಏನು? ಅಮೆರಿಕದಲ್ಲಿ ಎಲ್ಲ ಆಸ್ತಿಯೂ ಯಹೂದಿಗಳದೇಕೆ ಎಂಬರ್ಥದ ಸಾಲೊಂದಂತೂ ಹಳೆಯ ಪೂರ್ವಾಗ್ರಹವನ್ನು ಮೆಚ್ಚುಗೆಯ ರೂಪದಲ್ಲಿ ಮತ್ತೆ ಹೇಳುತ್ತದೆ. ಅದಕ್ಕೆ ಆಗಲೇ ಟೀಕೆ ಬಂತು, ಬರಬೇಕಾದದ್ದೇ. ಅಷ್ಟಾದರೂ ಈ ಹಾಡು ಉಪದೇಶವಾಗಿ ಸೋಲುವ ಕಡೆಯಲ್ಲೇ ಪಶ್ಚಾತ್ತಾಪವಾಗಿ ನಿಲ್ಲುತ್ತದೆ. ಹೀಗೆ ಮಾಡಿ ಎನ್ನುವಾಗ ಆತನ ದನಿ ಕೊಂಚ ಏರುತ್ತದೆ, ನಾನು ಮಾಡಲಿಲ್ಲ ಎನ್ನುವಾಗ ಇಳಿಯುತ್ತದೆ. ಇಳಿದ ದನಿಯನ್ನು ನಂಬಬಹುದು.

ಮೂರನೆಯದು ತಾಯಿಯ ಹಾಡು. ನಾಲ್ಕು ಮಕ್ಕಳನ್ನು ಹೆತ್ತು, ತಾನು ಪ್ರೀತಿಸುವುದು ಹೆಂಗಸರನ್ನು ಎಂಬುದನ್ನು ಬದುಕಿಡೀ ಮುಚ್ಚಿಟ್ಟಿದ್ದ ಗ್ಲೋರಿಯಾ ಕಾರ್ಟರ್ ಕೊನೆಯಲ್ಲಿ ತಾನೇ ಬಂದು ಒಂದು ಪದ್ಯ ಓದುತ್ತಾಳೆ. ಮಗ ತಾಯಿಯ ಗುಟ್ಟನ್ನು ಬಯಲು ಮಾಡಿದ ಎನ್ನುವ ಹಾಗಿಲ್ಲ; ಮೈಕು ಆಕೆಯ ಕೈಗೇ ಹೋಗುತ್ತದೆ. ಏಳನೆಯ ಹಾಡು, ಜಮೈಕಾದ ಗಾಯಕ ಡೇಮಿಯನ್ ಮಾರ್ಲಿಯ ಜೊತೆಗಿನದು, ಈ ಮನೆಯ ಮಾತುಕತೆಗೆ ಹೊರಗಿನದು. ಕೊಂದ ಜೇ-ಜೀ ಅಲ್ಲಿ ಎದ್ದು ಬಂದು ಮೀಸೆ ತಿರುವುತ್ತಾನೆ. ಕುಣಿಯಲು ಚೆನ್ನಾಗಿದೆ, ಅಷ್ಟೇ.

ಎಲ್ಲರೂ ಹೊಗಳುವುದು ನಡುವಿನ ಐದನೆಯ ಹಾಡನ್ನು, ಆಲ್ಬಮ್ಮಿನ ಹೆಸರಿನದೇ ಆದ ಕ್ಷಮಾಯಾಚನೆಯನ್ನು. ಹಿಂದಿನ ವರ್ಷ, 2016ರಲ್ಲಿ, ಹೆಂಡತಿ ಬಿಯಾನ್ಸೆ ತನ್ನ ‘ಲೆಮನೇಡ್’ ಆಲ್ಬಮ್ಮಿನಲ್ಲಿ ಗಂಡನ ದ್ರೋಹವನ್ನು ಜಗತ್ತಿನ ಮುಂದಿಟ್ಟಿದ್ದಳು. ಇದು ಅದಕ್ಕೆ ಉತ್ತರ. ಹಾನಾ ವಿಲಿಯಮ್ಸ್ ಎಂಬ ಇಂಗ್ಲೆಂಡಿನ ಗಾಯಕಿಯ ಎದೆ ಬಿರಿಯುವ ದನಿ ಕೆಳಗೆ ಕೂಗುತ್ತಿರುತ್ತದೆ. ಮೇಲೆ ಈತ ಕ್ಷಮಿಸು ಎನ್ನುತ್ತಾನೆ: ಮಗಳು ಹುಟ್ಟುವ ತನಕ ಹೆಣ್ಣಿನ ಕಣ್ಣಿನಿಂದ ನೋಡಲಾಗಲಿಲ್ಲ, ನಿನ್ನ ಪ್ರೀತಿಗೆ ತಕ್ಕವನಾಗಲಿಲ್ಲ, ಗರ್ಭದಲ್ಲೇ ಕಳೆದುಕೊಂಡ ಮಕ್ಕಳಿಗೂ ನಾನೇ ಹೊಣೆ. ನಾನು ಇದನ್ನು ಒಂದಿಷ್ಟು ಅನುಮಾನದಿಂದಲೇ ಕೇಳಿದೆ. ಮನೆಯೊಳಗೆ ಕೇಳಬೇಕಾದ ಕ್ಷಮೆಯನ್ನು ಊರಿಗೆ ಕೇಳಿಸುವಂತೆ ಕೇಳುವ ಗಂಡಸಿಗೆ ಆ ಕ್ಷಮೆ ಅರ್ಧ ಸಿಕ್ಕಿದ ಹಾಗೆಯೇ. ಊರೇ ಮೆಚ್ಚಿದ ಮೇಲೆ ಹೆಂಡತಿ ಒಪ್ಪದೆ ಏನು ಮಾಡಿಯಾಳು? ಇಬ್ಬರೂ ತಮ್ಮ ದಾಂಪತ್ಯದ ಬಿರುಕನ್ನು ಮಾರಾಟಕ್ಕಿಟ್ಟರು ಎಂದು ಆಡಿಕೊಂಡವರನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಆದರೆ ಹಾಡಿನ ಕೊನೆಗೆ ಆತ ಹೆಂಡತಿಯನ್ನು ಬಿಟ್ಟು ಮಕ್ಕಳ ಕಡೆ ತಿರುಗುತ್ತಾನೆ. ಒಂದು ದಿನ ಅವರಿಗೆ ಇದೆಲ್ಲ ತಿಳಿಯುತ್ತದೆ, ಆಗ ಅವರೆದುರು ನಿಲ್ಲುವುದು ಹೇಗೆ ಎಂಬ ಭಯ ಅಲ್ಲಿದೆ. ಅವಳಿ ಮಕ್ಕಳು ಹುಟ್ಟಿ ಆಗಿನ್ನೂ ತಿಂಗಳೂ ತುಂಬಿರಲಿಲ್ಲ. ಹೆಂಡತಿಯ ಕ್ಷಮೆಗಿಂತ ಮಕ್ಕಳ ತೀರ್ಪಿಗೆ ಹೆಚ್ಚು ಹೆದರುವ ಈ ಸಾಲುಗಳೇ ಹತ್ತನೆಯ ಹಾಡಿಗೆ ಬಾಗಿಲು.

ಹತ್ತನೆಯ ಹಾಡು ಐದು ವರ್ಷದ ಮಗಳು ಬ್ಲೂ ಐವಿಯ ದನಿಯಿಂದ ಶುರುವಾಗುತ್ತದೆ. ಉಯಿಲು ಎಂದರೇನು ಎಂದು ಆಕೆ ಅಪ್ಪನನ್ನು ಕೇಳುತ್ತಾಳೆ. ಹಿಂದೆ ಡಾನಿ ಹ್ಯಾಥವೇ, ಎಂದಾದರೊಂದು ದಿನ ನಾವೆಲ್ಲ ಬಿಡುಗಡೆ ಹೊಂದುವೆವು ಎಂದು ಹಾಡಿದ ದನಿ. ಆಮೇಲೆ ಆತ ಓದುವುದು ಅಕ್ಷರಶಃ ಉಯಿಲನ್ನೇ: ಹಣವನ್ನು ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ ಹಂಚಿ, ಕಟ್ಟಿದ ವ್ಯಾಪಾರಗಳು ಮುಂದುವರಿಯಲಿ. ಮಧ್ಯೆ ಒಂದೇ ಉಸಿರಿನಲ್ಲಿ, ಪಾದ್ರಿಯಾಗಿದ್ದ ತನ್ನ ಅಜ್ಜ ಸ್ವಂತ ಮಗಳ ಮೇಲೆ ಎಸಗಿದ ಪಾತಕವನ್ನೂ, ಅದು ಇಡೀ ಕಾರ್ಟರ್ ಮನೆತನವನ್ನು ಹಿಂದಕ್ಕೆ ತಳ್ಳಿದ್ದನ್ನೂ ಹೇಳಿ ಮುಗಿಸುತ್ತಾನೆ. ಹಣದ ಪಟ್ಟಿಯ ನಡುವೆ ಇದನ್ನೇಕೆ ಇಟ್ಟ ಎಂದು ಮೊದಲ ಸಲ ಕೇಳಿದಾಗ ಗಲಿಬಿಲಿಯಾಯಿತು. ಎರಡನೆಯ ಸಲಕ್ಕೆ ತಿಳಿಯಿತು: ಅದೂ ಪಟ್ಟಿಯಲ್ಲೇ ಇದೆ. ಅಜ್ಜನಿಂದ ತಂದೆಗೆ, ತಂದೆಯಿಂದ ತನಗೆ ಬಂದ ಪಿತ್ರಾರ್ಜಿತ ಅದೊಂದೇ; ಉಳಿದದ್ದೆಲ್ಲ ಸ್ವಯಾರ್ಜಿತ.

ಈ ಎರಡು ಶಬ್ದಗಳ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. 2008ರಲ್ಲಿ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ನಿಂತು, ತವರಿನ ಪಿತ್ರಾರ್ಜಿತ ತೋಟದಲ್ಲಿ ನನಗಿದ್ದ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ ಇಡೀ ದೇಶಕ್ಕೆ 2005ರ ತಿದ್ದುಪಡಿಯೂ ಹೆಣ್ಣುಮಕ್ಕಳಿಗೆ ಕೊಟ್ಟ ಹಕ್ಕನ್ನು ಅರ್ಧ ಗಂಟೆಯಲ್ಲಿ ಬಿಟ್ಟು ಬಂದೆ. ಯಾರೂ ಬಲವಂತ ಮಾಡಲಿಲ್ಲ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟರು, ವರ್ಷಕ್ಕೊಮ್ಮೆ ಕಾಫಿ ಪುಡಿ, ಮೆಣಸು ಬರುತ್ತದೆ, ಅಣ್ಣ ಒಳ್ಳೆಯವನು. ಆದರೆ ಅದನ್ನು ಕುರಿತು ನಮ್ಮ ಮನೆಯಲ್ಲಿ ಒಂದು ಮಾತೂ ಆಗಿಲ್ಲ. ಹಿಂದೆಯೂ ಇಲ್ಲ, ಆಮೇಲೂ ಇಲ್ಲ. ಎಷ್ಟೇ ಹಣವಂತನಾದರೂ ಆ ಅಮೆರಿಕದವನು ಒಡಹುಟ್ಟಿದ ಹೆಣ್ಣುಮಕ್ಕಳ ಹೆಸರು ಹಿಡಿದು ಪಾಲು ಹೇಳುವುದು ಕೇಳಿದಾಗ ನನಗೆ ಆದದ್ದು ಅಸೂಯೆ ಎಂದರೆ ಪೂರ್ತಿ ಸುಳ್ಳಲ್ಲ.

ನಮ್ಮ ಕಾನೂನಿನಲ್ಲಿ ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯೊಂದು, ಬರೆದವನ ಸಹಿ, ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಅಷ್ಟು ಸಲೀಸಾದ ಕೆಲಸವನ್ನು ನಮ್ಮವರು ಸಾವಿನ ಮಾತೆಂದು ಮುಂದೂಡುತ್ತಾರೆ. ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ: ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಕನ್ನಡದ ಬಹು ಹಳೆಯ ಶಾಸನ ಆಸ್ತಿಪತ್ರವೇ. ಯುದ್ಧದಲ್ಲಿ ಕಾದಿದವನಿಗೆ ಹಳ್ಳಿಗಳನ್ನು ದತ್ತಿ ಕೊಟ್ಟದ್ದನ್ನು ಬರೆದು, ಅದನ್ನು ಅಳಿಸಿದವನಿಗೆ ಮಹಾಪಾತಕ ತಟ್ಟಲಿ ಎಂದು ಕಲ್ಲಿನಲ್ಲಿ ಕಡೆದಿದ್ದಾರೆ. ಯಾರಿಗೆ ಏನು ಸೇರಬೇಕೆಂದು ಎಲ್ಲರಿಗೂ ಕೇಳಿಸುವಂತೆ ಹೇಳುವ ಬರವಣಿಗೆಗೆ ಈ ನೆಲದಲ್ಲಿ ಸಾವಿರದೈನೂರು ವರ್ಷದ ವಯಸ್ಸಿದೆ. ಜಗಲಿಯಲ್ಲಿ ಹೇಳುವ ಧೈರ್ಯ ಮಾತ್ರ ನಮಗಿಲ್ಲ.

ಆಲ್ಬಮ್ ಬಂದ ಮುಂದಿನ ವರ್ಷ, 2018ರ ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ಜೇ-ಜೀಗೆ ಎಂಟು ನಾಮನಿರ್ದೇಶನ ಬಂದವು, ಆ ಸಲ ಬೇರೆ ಯಾರಿಗೂ ಅಷ್ಟು ಬಂದಿರಲಿಲ್ಲ. ಗೆದ್ದದ್ದು ಒಂದೂ ಇಲ್ಲ. ಅದರಿಂದ ಆಲ್ಬಮ್ಮಿಗೇನೂ ಕಡಿಮೆಯಾಗಲಿಲ್ಲ. ಆಮೇಲೆ 2019ರಲ್ಲಿ ಫೋರ್ಬ್ಸ್ ಪತ್ರಿಕೆ ಆತನನ್ನು ಹಿಪ್ ಹಾಪ್‌ನ ಮೊದಲ ಶತಕೋಟಿ ಡಾಲರ್ ಸಿರಿವಂತನೆಂದು ಕರೆಯಿತು. ಉಯಿಲಿನ ಪಟ್ಟಿ ಉದ್ದವಾಗಿರಬೇಕು.

ಆ ಬೆಳಗಿನ ಜಾವ ಅಪ್ಪಾಜಿ ಕೊನೆಯ ಹಾಡಿನ ತನಕವೂ ಕುಳಿತಿದ್ದರು. ಮಗುವಿನ ದನಿ ಬಂದಾಗ ‘ಏನಂತೆ ಕೂಸು?’ ಎಂದರು. ಉಯಿಲು ಅಂದರೇನಪ್ಪಾ ಅಂತ ಕೇಳ್ತಿದೆ ಎಂದೆ. ಅವರು ಮಾತಾಡಲಿಲ್ಲ. ಕೆಳಗೆ ಕೆರೆಯ ಕಡೆಯಿಂದ ಪಂಪು ಮತ್ತೆ ಹೊತ್ತಿಕೊಂಡ ಸದ್ದು ಕೇಳಿ, ಟಾರ್ಚು ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.

ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿತು, ಮಲ್ಲಿಗೆಯ ವಾಸನೆ ಹಾಸನದ ತನಕ ಬಂದಿರಬೇಕು ಎಂದು ಅಣ್ಣ ಫೋಟೋ ಕಳಿಸಿದ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ, ಊರಿಗೆ ಹೋಗಲು ತಿಂಗಳುಗಳೇ ಹಿಡಿದವು. ಆ ಬಿಡುವಿನಲ್ಲಿ, ಆಲ್ಬಮ್ಮಿನ ಸಿಡಿಯಲ್ಲಿ ಮೂರು ಹೆಚ್ಚುವರಿ ಹಾಡುಗಳಿವೆಯೆಂದು ತಿಳಿದು ಹುಡುಕಿ ಕೇಳಿದೆ. ಅವುಗಳಲ್ಲಿ ಒಂದರ ಹೆಸರು ‘ಅಡ್ನಿಸ್’. ಅದು ಬಿಟ್ಟು ಹೋದ ತಂದೆಯ ಹೆಸರು. ಆ ತಂದೆ ಸಾಯುವ ಮುನ್ನ, 2003ರಲ್ಲಿ, ತಾಯಿಯೇ ಒತ್ತಾಯಿಸಿ ಇಬ್ಬರನ್ನೂ ಎದುರುಬದುರು ಕೂರಿಸಿದ್ದಳಂತೆ. ತಾಯಿಗೆ, ಹೆಂಡತಿಗೆ, ಮಗಳಿಗೆ, ಪಾಪಿ ಅಜ್ಜನಿಗೂ ಹತ್ತರೊಳಗೆ ಜಾಗ ಸಿಕ್ಕಿದೆ. ತಂದೆಯೊಡನೆ ಆಡಬೇಕಾದ ಮಾತು ಮಾತ್ರ ಪಟ್ಟಿಯ ಹೊರಗೆ, ಕೊಸರಿನಂತೆ ಉಳಿದಿದೆ. ಆ ಹಾಡನ್ನು ಅಪ್ಪಾಜಿಗೆ ಇನ್ನೂ ಕೇಳಿಸಿಲ್ಲ.